ಅರವತ್ತೊಂದು ಗಂಟೆಯ ರಿವರ್ಸು

ಲಾರಿ ಓಡಿಸುವ ಯಾಕಪ್ಪನಿಗೆ ಆ ಹೆಸರು ಅಪ್ಪ ಅಮ್ಮ ಇಟ್ಟಿದ್ದಲ್ಲ. ಅವರಿಟ್ಟ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿತ್ತು, ಅದೂ ಎಣ್ಣೆ ಕಲೆ ಬಿದ್ದು ಅರ್ಧ ಅಳಿಸಿಹೋಗಿತ್ತು. ಯಾರು ಏನೇ ಹೇಳಲಿ, 'ಯಾಕಪ್ಪಾ?' ಅಂತ ಕೇಳದೆ ಅವನಿಗೆ ಸಮಾಧಾನವಿಲ್ಲ. ಸೇತುವೆ ರಿಪೇರಿ, ಸುತ್ತು ಹಾಕಿಕೊಂಡು ಹೋಗು ಅಂದ ಪೊಲೀಸಿನವನಿಗೆ 'ಯಾಕಪ್ಪಾ?' ಅಂದಿದ್ದ. ಹಲ್ಲು ಕೀಳಲೇಬೇಕು ಅಂದ ಡಾಕ್ಟರಿಗೆ ಬಾಯಿ ಅಗಲಿಸಿಕೊಂಡೇ 'ಯಾಕಪ್ಪಾ?' ಅಂದಿದ್ದ. ಕೊನೆಗೆ ಬೀದಿಯವರು ಆ ಪ್ರಶ್ನೆಯನ್ನೇ ಅವನ ಹೆಸರು ಮಾಡಿ ಕೈ ತೊಳೆದುಕೊಂಡರು.

ಇಂಥ ಕುತೂಹಲದ ಪ್ರಾಣಿಗೆ ಸಿಕ್ಕಿದ ಕೆಲಸ ನೋಡಿ: ಲಾಂಗ್ ರೂಟು. ನಾಲ್ಕು ದಿನ ರಸ್ತೆಯಲ್ಲಿ, ಒಂದು ದಿನ ಮನೆಯಲ್ಲಿ. ಆ ಒಂದು ದಿನವೂ ಗೊರಕೆಯಲ್ಲೇ ಮುಗಿಯುತ್ತಿತ್ತು. ಹೀಗಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನು ಯಾವುದರ ಕೊನೆಯನ್ನೂ ಕಂಡವನಲ್ಲ. ಮನೆಯಲ್ಲಿ ಹೆಂಡತಿ ಮತ್ತು ಅತ್ತೆ ಸಂಜೆ ಏಳಕ್ಕೆ ತಪ್ಪದೆ ನೋಡುವ ಒಂದು ಧಾರಾವಾಹಿ ಇತ್ತು. ಅದರಲ್ಲಿ ಒಬ್ಬ ಹಿರಿಸೊಸೆ, ಅವಳ ಹತ್ತಿರ ಬೀಗ ಹಾಕಿದ ಒಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನಿದೆ ಅನ್ನುವುದೇ ಮೂರು ವರ್ಷದ ಕಥೆ. ಯಾಕಪ್ಪ ಅದನ್ನು ದಾರಿಬದಿಯ ಹೋಟೆಲುಗಳಲ್ಲಿ ಚೂರುಚೂರಾಗಿ ನೋಡಿದ್ದ. ಒಂದು ಹೋಟೆಲಿನಲ್ಲಿ ಪೆಟ್ಟಿಗೆ ಮಂಚದ ಕೆಳಗಿತ್ತು, ಇನ್ನೊಂದರಲ್ಲಿ ಬಾವಿಯೊಳಗಿತ್ತು, ಮತ್ತೊಂದರಲ್ಲಿ ಕೋರ್ಟಿನಲ್ಲಿತ್ತು. ಅದು ಬಾವಿಯಿಂದ ಕೋರ್ಟಿಗೆ ಹೇಗೆ ಬಂತು ಅನ್ನುವ ಯೋಚನೆಯಲ್ಲಿ ಅವನು ಒಮ್ಮೆ ನಲವತ್ತು ಕಿಲೋಮೀಟರ್ ತಪ್ಪು ದಾರಿಯಲ್ಲಿ ಹೋಗಿದ್ದ.

ಅವನಿಗಿದ್ದ ಆಸೆ ಒಂದೇ. ಡೇ ಡ್ಯೂಟಿ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಮನೆಗೆ ಬಂದು, ಕಾಲು ತೊಳೆದು, ಹೆಂಡತಿಯ ಪಕ್ಕ ಕೂತು, ಆ ದರಿದ್ರ ಪೆಟ್ಟಿಗೆಯಲ್ಲಿ ಏನಿದೆ ಅಂತ ನೋಡಬೇಕು. ಇದಕ್ಕಿಂತ ದೊಡ್ಡ ಸುಖವನ್ನು ಅವನು ದೇವರಲ್ಲಿ ಕೇಳಿದವನೇ ಅಲ್ಲ.

ಅಷ್ಟರಲ್ಲಿ ಕಂಪನಿಗೆ ಅಪ್‌ಗ್ರೇಡಿನ ಹುಚ್ಚು ಹಿಡಿಯಿತು. ಆರು ಹೊಸ ಲಾರಿ ಬಂದವು. ಯಾಕಪ್ಪನ ಹಳೇ ಲಾರಿಯ ಬಾಗಿಲನ್ನು ಹಗ್ಗದಿಂದ ಕಟ್ಟಬೇಕಿತ್ತು. ಹೊಸದಕ್ಕೆ ಬಾಗಿಲು ಸರಿಯಾಗಿ ಹಾಕಿಲ್ಲ ಅಂತ ತಾನೇ ಕೂಗಿ ಹೇಳುವ ಬಾಯಿ ಇತ್ತು. ಸ್ಟೇರಿಂಗಿನ ಪಕ್ಕ ಊಟದ ತಟ್ಟೆಯಷ್ಟಗಲದ ಒಂದು ಪರದೆ. ರಿವರ್ಸ್ ಗೇರು ಹಾಕಿದರೆ ಲಾರಿಯ ಬೆನ್ನಿಗಿದ್ದ ಕ್ಯಾಮೆರಾ ಕಣ್ಣು ಬಿಟ್ಟು, ಹಿಂದೆ ಏನಿದೆಯೋ ಅದನ್ನೆಲ್ಲ ಆ ಪರದೆಯ ಮೇಲೆ ತಂದು ಹಾಕುತ್ತಿತ್ತು. ಅದರ ಮೇಲೆ ಮೂರು ಗೆರೆ: ದೂರಕ್ಕೆ ಹಸಿರು, ಹತ್ತಿರಕ್ಕೆ ಹಳದಿ, ಇನ್ನೇನು ಡಿಕ್ಕಿ ಅನ್ನುವಾಗ ಕೆಂಪು. ಕ್ಯಾಮೆರಾ ಬಂದಮೇಲೆ ಕ್ಲೀನರುಗಳು ಯಾಕೆ ಅಂತ ಕಂಪನಿ ಅವರನ್ನೆಲ್ಲ ಮನೆಗೆ ಕಳಿಸಿತು.

ಆಫೀಸಿನಲ್ಲೂ ಒಂದು ಕಂಪ್ಯೂಟರು ಬಂತು. ಅಲ್ಲಿಯವರೆಗೆ ಯಾರಿಗೆ ಯಾವ ಡ್ಯೂಟಿ ಅಂತ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವರು ಬೋರ್ಡು ಗುಮಾಸ್ತರು. ಈಗ ಅವರ ಕೈಯಲ್ಲಿ ಸೀಮೆಸುಣ್ಣ ಹಾಗೇ ಉಳಿಯಿತು. ಲಾರಿಯೊಳಗಿನ ಕಂಪ್ಯೂಟರು ಗೇರು, ಬ್ರೇಕು, ಹಾರನ್ನು, ಡೀಸೆಲ್ಲು ಎಲ್ಲವನ್ನೂ ಆಫೀಸಿನ ಕಂಪ್ಯೂಟರಿಗೆ ಚಾಡಿ ಹೇಳುವುದು. ತಿಂಗಳ ಕೊನೆಗೆ ಅದು ಲೆಕ್ಕ ಹಾಕಿ ಆರು ಜನ ಚಾಲಕರಲ್ಲಿ ಅತ್ಯುತ್ತಮ ಅನ್ನಿಸಿದ ಒಬ್ಬನಿಗೆ ಖಾಯಂ ಡೇ ಡ್ಯೂಟಿ ಕೊಡುವುದು. ಅಲ್ಲಿಯತನಕ ಒಂದು ತಿಂಗಳು ಪರೀಕ್ಷೆ, ಆರೂ ಲಾರಿ ಊರೊಳಗೇ ಓಡಬೇಕು. ಲಾರಿ ನಿಲ್ಲಿಸುವ ಅಂಗಳಕ್ಕೆ ಕಾಂಕ್ರೀಟು ಹಾಕುತ್ತಿದ್ದರಿಂದ ಸಂಜೆ ಅವರವರ ಲಾರಿ ಅವರವರ ಮನೆ ಮುಂದೆ.

ಹೀಗೆ ಯಾಕಪ್ಪ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಂಜೆ ಆರಕ್ಕೆ ಮನೆಗೆ ಬಂದ. ಕಾಲು ತೊಳೆದ. ಹೆಂಡತಿಯ ಪಕ್ಕ ಕೂತ. ಟಿವಿ ಇರಬೇಕಾದ ಜಾಗದಲ್ಲಿ ಒಂದು ಚೌಕದ ಧೂಳಿನ ಗುರುತು ಮಾತ್ರ ಇತ್ತು.

"ಟಿವಿ ಎಲ್ಲೇ?"

"ನೆನ್ನೆ ಢಬ್ ಅಂತು ರೀ. ತಮ್ಮ ರಿಪೇರಿಗೆ ತಗೊಂಡು ಹೋಗಿದ್ದಾನೆ."

ಈ ತಮ್ಮ, ಅಂದರೆ ಯಾಕಪ್ಪನ ಭಾವಮೈದ, ಟಿವಿ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಅವನ ಅಂಗಡಿಯೊಳಗೆ ಹೋದ ವಸ್ತುಗಳು ಬೇಗ ಹೊರಗೆ ಬಂದ ಉದಾಹರಣೆ ಕಡಿಮೆ. ಅಂದು ಸಂಜೆಯೇ ಅವನು ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

"ಒಂದು ತಿಂಗಳಾಗುತ್ತೆ ಭಾವ. ಪಾರ್ಟು ಸಿಗಲ್ಲ. ಇಷ್ಟು ಹಳೇ ಟಿವಿ ಈಗ ಯಾರ ಮನೇಲಿದೆ ಹೇಳಿ? ನಾನು ಮೊನ್ನೆ ತಗೊಂಡೆ ನೋಡಿ, ಗೋಡೆಯಷ್ಟಗಲ. ಪಾತ್ರಧಾರಿ ಸೀನಿದ್ರೆ ನಾವು ಮುಖ ಒರೆಸ್ಕೋಬೇಕು, ಹಾಗಿದೆ. ಏನು ಮಾಡೋದು, ಕೆಲವರು ಅಪ್‌ಗ್ರೇಡ್ ಆಗಲ್ಲ."

ಕೊನೆಯ ಮಾತು ಯಾಕಪ್ಪನಿಗೆ ಚುರುಕ್ ಅಂತು. ಅತ್ತೆ ಬೇರೆ ಅಲ್ಲೇ ಕೂತು ಕೇಳುತ್ತಿದ್ದರು. ಮನುಷ್ಯನಿಗೆ ಅತ್ತೆಯ ಎದುರು ಭಾವಮೈದನಿಂದ ಆಗುವಷ್ಟು ಅವಮಾನ ಬೇರೆ ಎಲ್ಲೂ ಆಗುವುದಿಲ್ಲ.

"ನಮಗೇನು ಕಮ್ಮಿ?" ಅಂದುಬಿಟ್ಟ. "ನಮ್ಮ ಲಾರೀಲೇ ಟಿವಿ ಇದೆ!"

ಭಾವಮೈದ ನಕ್ಕು ಎದ್ದುಹೋದ. ಅತ್ತೆ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು.

"ತೋರ್ಸಿ ಅಳಿಯಂದ್ರೆ."

"ಈಗಲಾ?"

"ಏಳು ಗಂಟೆ ಆಗ್ತಾ ಬಂತು. ಮತ್ತೆ ಯಾವಾಗ?"

ಅರವತ್ತೆಂಟು ವರ್ಷದ ಹೆಂಗಸನ್ನು ಲಾರಿ ಹತ್ತಿಸುವುದು ಸಣ್ಣ ಕೆಲಸವಲ್ಲ. ಹೆಂಡತಿ ಕೆಳಗಿನಿಂದ ತಳ್ಳಿ, ಯಾಕಪ್ಪ ಮೇಲಿನಿಂದ ಎಳೆದು, ಅತ್ತೆ ಮಧ್ಯದಲ್ಲಿ ಇಬ್ಬರನ್ನೂ ಬೈದು, ಅಂತೂ ಹತ್ತಿ ಕೂತರು. ಹೆಂಡತಿಯೂ ಹತ್ತಿದಳು. ಯಾಕಪ್ಪ ಬೆವರುತ್ತ ಕೀಲಿ ತಿರುಗಿಸಿದ. ಪರದೆ ಕಪ್ಪಗೇ ಇತ್ತು. ಬೇರೆ ದಾರಿ ತೋಚದೆ, ಇಂಜಿನ್ನು ಸ್ಟಾರ್ಟ್ ಮಾಡದೆ ರಿವರ್ಸ್ ಗೇರಿಗೆ ಎಳೆದ. ಹೊರಗೆ 'ಪೀಂ ಪೀಂ' ಅಂತ ಶಬ್ದ ಶುರುವಾಯಿತು, ಹಿಂದಿನ ದೀಪ ಹತ್ತಿತು, ಪರದೆಯ ಮೇಲೆ ಅವರದೇ ಬೀದಿ ಮೂಡಿತು. ನಿವೃತ್ತ ಪೋಸ್ಟ್ ಮಾಸ್ತರರು ತಮ್ಮ ಮನೆ ಬಾಗಿಲಲ್ಲಿ ನಿಂತು ಕಿವಿ ಕೆರೆದುಕೊಳ್ಳುತ್ತಿದ್ದರು.

ಮಾನ ಹೋಯಿತು ಅಂದುಕೊಂಡು ಯಾಕಪ್ಪ ತಲೆ ತಗ್ಗಿಸಿದ.

"ಅಯ್ಯೋ, ಪೋಸ್ಟ್ ಮಾಸ್ತರ್ ಅಲ್ವೇನೇ ಇದು?" ಅಂದರು ಅತ್ತೆ, ಪರದೆಗೆ ಮೂಗು ತಾಗಿಸಿ. "ಯಾವ ಕಿವಿ ಅದು, ಎಡಗಿವಿಯಾ? ನೋಡು, ಇಸ್ತ್ರಿಯವನ ಹತ್ರ ಹೋಗ್ತಿದ್ದಾರೆ. ಮಾತೇ ಬಿಟ್ಟಿದ್ರಲ್ಲ ಇಬ್ರೂ?"

"ಹೌದಮ್ಮ, ಅಂಗಿ ಸುಟ್ಟ ದಿನದಿಂದ!" ಅಂದಳು ಹೆಂಡತಿ.

"ಸುಮ್ನಿರು, ಏನೋ ಕೊಡ್ತಿದ್ದಾರೆ. ಅಯ್ಯಯ್ಯೋ, ಅದೇ ಸುಟ್ಟ ಅಂಗಿ ಕಣೇ!"

ಎಂಟೂವರೆಯವರೆಗೆ ಯಾರೂ ಕೆಳಗಿಳಿಯಲಿಲ್ಲ. ಇಳಿಯುವಾಗ ಅತ್ತೆ ಹೇಳಿದರು: "ಚೆನ್ನಾಗಿದೆ ಅಳಿಯಂದ್ರೆ ನಿಮ್ಮ ಟಿವಿ. ಜಾಹೀರಾತಿಲ್ಲ, ಅಳೋದಿಲ್ಲ. ನಾಳೆ ಅಂಗಿ ವಿಷಯ ಏನಾಯ್ತು ಅಂತ ನೋಡ್ಬೇಕು."

ಮನೆಯ ಕಿಟಕಿ ತೆಗೆದರೆ ಇದೇ ಬೀದಿ ಇದಕ್ಕಿಂತ ದೊಡ್ಡದಾಗಿ, ಬಣ್ಣ ಕೆಡದೆ, ಕತ್ತು ನೋಯದೆ ಕಾಣುತ್ತಿತ್ತು. ಅದನ್ನು ಹೇಳಬೇಕು ಅಂತ ಯಾಕಪ್ಪನಿಗೂ ಅನ್ನಿಸಿತು. ಆದರೆ ಅತ್ತೆ ಅವನನ್ನು ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲು, ಹಾಗಾಗಿ ಬಾಯಿ ಮುಚ್ಚಿಕೊಂಡ.

ಸುದ್ದಿ ಮಾರನೆ ದಿನವೇ ಬೀದಿಯ ಕೊನೆ ಮುಟ್ಟಿತು. 'ಪೀಂ ಪೀಂ' ಕೇಳಿದರೆ ಸಾಕು, ಒಲೆ ಆರಿಸಿ ಜನ ಓಡಿ ಬರುತ್ತಿದ್ದರು. ಕ್ಯಾಬಿನ್ನಿನಲ್ಲಿ ನಾಲ್ಕೇ ಜನ ಹಿಡಿಯುವುದು. ಪೋಸ್ಟ್ ಮಾಸ್ತರರು ನಿವೃತ್ತರಾಗಿ ಆರು ವರ್ಷದಿಂದ ಒಂದು ಜವಾಬ್ದಾರಿಗಾಗಿ ಹಸಿದಿದ್ದವರು. ಅವರು ಕಿಟಕಿಯ ಹೊರಗೆ ನಿಂತು ಸರದಿ ಚೀಟಿ ಕೊಡತೊಡಗಿದರು. ಒಬ್ಬರಿಗೆ ಹದಿನೈದು ನಿಮಿಷ. ಅತ್ತೆಗೆ ಮಾತ್ರ ಸರದಿ ಇಲ್ಲ, ಅವರು ಲಾರಿಯ ಮಾಲೀಕರ ಹಾಗೆ ಪರದೆಯ ಪಕ್ಕ ಖಾಯಂ.

ತೊಂದರೆ ಅಂದರೆ, ಎಲ್ಲರೂ ಕ್ಯಾಬಿನ್ನಿನ ಹತ್ತಿರ ಸೇರಿದರೆ ಲಾರಿಯ ಹಿಂದೆ ನೋಡುವುದಕ್ಕೆ ಯಾರಿರುತ್ತಾರೆ? ಮೂರನೇ ದಿನ ಪರದೆಯ ಮೇಲೆ ಅರ್ಧ ಗಂಟೆ ಬರೀ ಒಂದು ಕರಿ ನಾಯಿ ಮಲಗಿತ್ತು. ಪೋಸ್ಟ್ ಮಾಸ್ತರರು ತಕ್ಷಣ ಕ್ರಮ ಕೈಗೊಂಡರು. ಚೀಟಿ ಸಿಕ್ಕದವರು ಹಿಂದೆ ಹೋಗಿ ಓಡಾಡಬೇಕು ಅಂತ ನಿಯಮ ಬಂತು. ಅದರಿಂದ ಬೀದಿಗೇ ಒಂದು ಕಳೆ ಬಂತು ಅನ್ನಿ. ಹೆಂಗಸರು ತಲೆ ಬಾಚಿಕೊಂಡು ತರಕಾರಿಗೆ ಹೊರಟರು. ಬೀದಿಯಲ್ಲಿ ಎಂದೂ ನೇರ ನಡೆಯದವರು ನೇರ ನಡೆದರು. ಇಸ್ತ್ರಿಯವನು ತನ್ನ ಗಾಡಿಯನ್ನು ತಳ್ಳಿಕೊಂಡು ಬಂದು ಸರಿಯಾಗಿ ಹಳದಿ ಗೆರೆಯ ಮೇಲೆ ನಿಲ್ಲಿಸಿ, 'ಒಂದೇ ದಿನದಲ್ಲಿ ಇಸ್ತ್ರಿ' ಅಂತ ಬರೆದ ಹಲಗೆಯನ್ನು ಕ್ಯಾಮೆರಾ ಕಡೆಗೆ ತಿರುಗಿಸಿದ.

"ಏಯ್, ಜಾಹೀರಾತು ತೆಗೀರಿ!" ಅಂತ ಪೋಸ್ಟ್ ಮಾಸ್ತರರು ಮುಂದಿನಿಂದ ಕೂಗಿದರು.

"ಜಾಹೀರಾತಿಲ್ದೆ ಟಿವಿ ನಡೆಯುತ್ತಾ ಸ್ವಾಮಿ?" ಅಂತ ಅವನು ಹಿಂದಿನಿಂದ ಕೂಗಿದ. ಸುಟ್ಟ ಅಂಗಿಯ ಜಗಳಕ್ಕೆ ಇದೊಂದು ಹೊಸ ಕಂತು ಸೇರಿತು, ಅತ್ತೆಗೆ ಪರಮ ಸಂತೋಷವಾಯಿತು.

ಇದೆಲ್ಲ ನಡೆಯುತ್ತಿದ್ದಾಗ ಲಾರಿಯೊಳಗಿನ ಕಂಪ್ಯೂಟರು ತನ್ನ ಪಾಡಿಗೆ ತಾನು ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಆ ಕಡೆಗೆ ಮಾತ್ರ ಯಾರ ಕುತೂಹಲವೂ ಹೋಗಲಿಲ್ಲ.

ತಿಂಗಳು ಮುಗಿದ ಶನಿವಾರ ಮ್ಯಾನೇಜರು ಯಾಕಪ್ಪನನ್ನು ಕರೆಸಿದರು. ಹೊಸ ಕಂಪ್ಯೂಟರಿನ ಮುಂದೆ ಮ್ಯಾನೇಜರು, ಪಕ್ಕದಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ನಿಂತಿದ್ದ ಬೋರ್ಡು ಗುಮಾಸ್ತರು. ಮ್ಯಾನೇಜರ ಮುಖ ಗಂಭೀರವಾಗಿತ್ತು.

"ಏನ್ರೀ ಇದು? ಅರವತ್ತೊಂದು ಗಂಟೆ ರಿವರ್ಸು!"

ಸಿಕ್ಕಿಬಿದ್ದೆ ಅಂದುಕೊಂಡ ಯಾಕಪ್ಪ. "ತಪ್ಪಾಯ್ತು ಸಾರ್. ದಿನಾ ಸಂಜೆ ಎರಡು ಗಂಟೆ ಅಷ್ಟೇ ಸಾರ್."

"ದಿನಾ ಎರಡು ಗಂಟೆ!" ಮ್ಯಾನೇಜರು ಕುರ್ಚಿಯಿಂದ ಅರ್ಧ ಎದ್ದರು. "ಮನೆಗೆ ಹೋದಮೇಲೂ?"

"ಮನೆ ಮುಂದೇನೇ ಸಾರ್. ಹೆಂಡ್ತಿ ಇದ್ಲು, ಅತ್ತೇನೂ ಇದ್ರು. ಅವ್ರು ಬಲವಂತ ಮಾಡಿದ್ರು."

"ಅತ್ತೆಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ರಿವರ್ಸ್ ಪ್ರಾಕ್ಟೀಸು!" ಮ್ಯಾನೇಜರು ಪೂರ್ತಿ ಎದ್ದು ನಿಂತರು. "ಕೇಳಿದ್ರಾ ಗುಮಾಸ್ತರೇ? ಉಳಿದ ಐದು ಜನದ್ದು ಸೇರಿಸಿದ್ರೂ ಒಂಬತ್ತು ಗಂಟೆ ಇಲ್ಲ. ಅದರಲ್ಲಿ ಹನ್ನೊಂದು ಡಿಕ್ಕಿ. ಇವರದ್ದು ಅರವತ್ತೊಂದು ಗಂಟೆ, ಒಂದು ಡಿಕ್ಕಿ ಇಲ್ಲ, ಒಂದು ಗೀರಿಲ್ಲ, ಒಂದು ಸಲ ಹಾರನ್ ಹೊಡೆದಿಲ್ಲ!"

ಗುಮಾಸ್ತರು ಕನ್ನಡಕ ಮೇಲೇರಿಸಿ ಪರದೆಯನ್ನು ನೋಡಿದರು. "ಸಾರ್, ಅರವತ್ತೊಂದು ಗಂಟೇಲಿ ಕಿಲೋಮೀಟರು ಸೊನ್ನೆ ಅಂತಿದೆಯಲ್ಲ?"

"ಹಿಂದಕ್ಕೆ ಹೋದಷ್ಟೂ ಮುಂದಕ್ಕೆ ಬಂದಿದ್ದಾರೆ. ಕಳೆದ್ರೆ ಸೊನ್ನೆ. ಸರಳ ಲೆಕ್ಕ."

"ಡೀಸೆಲ್ಲೂ ಸೊನ್ನೆ ಅಂತಿದೆ ಸಾರ್."

"ಅದಕ್ಕೇ ಕಣ್ರೀ ಅಪ್‌ಗ್ರೇಡ್ ಅನ್ನೋದು!" ಅಂತ ಮ್ಯಾನೇಜರು ಮೇಜು ಗುದ್ದಿದರು. ಗುಮಾಸ್ತರು ಯಾಕಪ್ಪನ ಕಡೆಗೆ ಒಮ್ಮೆ ನೋಡಿ ಕೆಮ್ಮಿದರು.

ಮ್ಯಾನೇಜರ ತೀರ್ಮಾನ ಆಗಿಹೋಗಿತ್ತು. ಡೇ ಡ್ಯೂಟಿ ಯಾಕಪ್ಪನಿಗೇ. ದೊಡ್ಡ ಆಫೀಸಿಗೆ ವರದಿಯೂ ಹೋಗಿದೆ. ಸೋಮವಾರ ಹತ್ತು ಗಂಟೆಗೆ ಹಳೇ ಗೋದಾಮಿನ ಓಣಿಯಲ್ಲಿ ಅವನು ಎಲ್ಲಾ ಚಾಲಕರ ಮುಂದೆ ರಿವರ್ಸ್ ಮಾಡಿ ತೋರಿಸುವುದು, ದೊಡ್ಡ ಆಫೀಸಿನ ಸಾಹೇಬರೂ ನೋಡುವುದು, ಆಮೇಲೆ ಆರ್ಡರು ಕೈಗೆ ಕೊಡುವುದು.

"ಅಕಸ್ಮಾತ್ ಎಲ್ಲಾದ್ರೂ ತಾಗಿದ್ರೆ ಸಾರ್?"

"ತಾಗಿದ್ರೆ ಮತ್ತೆ ಲಾಂಗ್ ರೂಟು," ಅಂತ ಮ್ಯಾನೇಜರು ನಕ್ಕರು. "ತಮಾಷೆಗೆ ಹೇಳ್ದೆ ಕಣ್ರೀ. ಅರವತ್ತೊಂದು ಗಂಟೆ! ನಿಮಗೆಲ್ಲಿ ತಾಗುತ್ತೆ? ಮನೇಲಿ ಹೇಗೆ ಮಾಡ್ತಿದ್ರೋ ಹಾಗೇ ಮಾಡಿ. ಅತ್ತೆಯನ್ನೂ ಕರ್ಕೊಂಡು ಬನ್ನಿ."

ಈಗ ಓದುಗರಿಗೆ ಒಂದು ಗುಟ್ಟು ಹೇಳಲೇಬೇಕು. ಯಾಕಪ್ಪನಿಗೆ ರಿವರ್ಸ್ ಬರುತ್ತಿರಲಿಲ್ಲ.

ಮುಂದಕ್ಕೆ ಬಿಡಿ, ದೇಶದ ತುದಿಯವರೆಗೆ ಹೋಗಿಬರುತ್ತಾನೆ. ಹಿಂದಕ್ಕೆ ಹತ್ತಡಿ ಅಂದರೆ ಎಡ ಯಾವುದು ಬಲ ಯಾವುದು ಅಂತ ಮರೆತು ಕೂರುತ್ತಿದ್ದ. ಇಪ್ಪತ್ತೆರಡು ವರ್ಷ ಈ ಗುಟ್ಟನ್ನು ಕಾಪಾಡಿದವನು ಅವನ ಮುದಿ ಕ್ಲೀನರು. ಅವನು ಹಿಂದೆ ನಿಂತು ಲಾರಿಯ ಮೈಗೆ ಒಂದು ಏಟು ಹೊಡೆದರೆ ಎಡಕ್ಕೆ, ಎರಡು ಹೊಡೆದರೆ ಬಲಕ್ಕೆ, ಮೂರು ಹೊಡೆದರೆ ನಿಲ್ಲು. ಯಾಕಪ್ಪ ಕನ್ನಡಿ ನೋಡುತ್ತಿರಲಿಲ್ಲ, ಕಿವಿಯಿಂದಲೇ ಹಿಂದಕ್ಕೆ ಹೋಗುತ್ತಿದ್ದ. ಹೊಸ ಲಾರಿ ಬಂದಮೇಲೆ ಕ್ಲೀನರು ಮಗಳ ಊರಿಗೆ ಹೋಗಿಬಿಟ್ಟಿದ್ದ. ಒಂದು ತಿಂಗಳು ಯಾಕಪ್ಪ ಸರಕು ಇಳಿಸುವ ಕಡೆಯೆಲ್ಲ ಒಳಗೆ ಹೋಗದೆ ರಸ್ತೆಯಲ್ಲೇ ಲಾರಿ ನಿಲ್ಲಿಸಿ, ಮೂಟೆ ಹೊರುವವರ ಹತ್ತಿರ ಬೈಸಿಕೊಂಡು, ಹೇಗೋ ದಿನ ದೂಡಿದ್ದ.

ಮನೆಗೆ ಬಂದವನು ಜಗಲಿಯ ಮೇಲೆ ತಲೆಮೇಲೆ ಕೈಹೊತ್ತು ಕೂತ. ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳ ಮುಖ ಸಪ್ಪಗಾಯಿತು.

"ಸಾಹೇಬ್ರಿಗೆ ನಿಜ ಹೇಳ್ಬಿಡಿ ರೀ."

"ನಿಜ ಹೇಳಿದ್ರೆ ಕಂಪನಿ ಲಾರೀನ ಟಿವಿ ಮಾಡ್ಕೊಂಡ ಅಂತ ಮನೆಗೆ ಕಳಿಸ್ತಾರೆ. ಹೇಳದಿದ್ರೆ ಗೋಡೆಗೆ ಗುದ್ದಿ ಲಾಂಗ್ ರೂಟಿಗೆ ಹೋಗ್ತೀನಿ."

"ಮತ್ತೆ ನಾಲ್ಕು ದಿನಕ್ಕೊಂದು ಸಲವಾ?" ಅಂದಳು ಅವಳು. ಅವನ ಪಕ್ಕ ಕೂತು, "ಈ ಒಂದು ತಿಂಗಳು ಚೆನ್ನಾಗಿತ್ತು ರೀ. ನೀವು ಸಂಜೆ ಮನೇಲಿ ಹೇಗಿರ್ತೀರ ಅಂತಾನೇ ನಂಗೆ ಗೊತ್ತಿರಲಿಲ್ಲ," ಅಂದಳು. ಯಾಕಪ್ಪನಿಗೆ ಅಳು ಬಂದಂತಾಯಿತು. ಅದನ್ನು ತಡೆಯಲು ಎದ್ದು ಲಾರಿಗೆ ಹೋಗಿ, ಅಭ್ಯಾಸ ಮಾಡಿಯೇ ತೀರುತ್ತೇನೆ ಅಂತ ಇಂಜಿನ್ನು ಸ್ಟಾರ್ಟ್ ಮಾಡಿದ.

'ಪೀಂ ಪೀಂ' ಕೇಳಿ ಜನ ಮಾಮೂಲಿನಂತೆ ಓಡಿ ಬಂದರು. ಮೂವತ್ತು ಸಂಜೆ ನಿಂತಲ್ಲೇ ನಿಂತಿದ್ದ ಲಾರಿ ಇದ್ದಕ್ಕಿದ್ದಂತೆ ಹಿಂದಕ್ಕೆ ಬರತೊಡಗಿದಾಗ ಅಷ್ಟೇ ವೇಗದಲ್ಲಿ ವಾಪಸ್ಸು ಓಡಿದರು. ಯಾಕಪ್ಪ ಪರದೆ ನೋಡಿದ. ಇಸ್ತ್ರಿಯವನು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಯಾಕಪ್ಪಾ ಕುಣಿಯುತ್ತಿದ್ದಾನೆ ಅಂತ ಇವನು ಬಗ್ಗಿ ನೋಡುವಷ್ಟರಲ್ಲಿ 'ಒಂದೇ ದಿನದಲ್ಲಿ ಇಸ್ತ್ರಿ' ಹಲಗೆ ಎರಡು ತುಂಡಾಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಲಾರಿಯ ಹತ್ತಿರ ಬಂದು, "ನಿಮಗೆ ಕಣ್ಣಿಲ್ವಾ ಅಳಿಯಂದ್ರೆ? ಹಲಗೆ ಕೆಂಪು ಗೆರೆಗೆ ಬಂದಿತ್ತಲ್ಲ. ಕೆಂಪಿಗೆ ಬಂದದ್ದು ಮೂರು ಹೆಜ್ಜೆ ದೂರ," ಅಂದರು.

"ನಿಮಗೆ ಹೇಗೆ ಗೊತ್ತು ಅತ್ತೆ?"

"ಒಂದು ತಿಂಗಳಿಂದ ನೋಡ್ತಿದ್ದೀನಲ್ಲ, ಗೊತ್ತಾಗದೆ ಇರುತ್ತಾ? ಪೋಸ್ಟ್ ಮಾಸ್ತರರ ಗೇಟು ಹಸಿರು, ಅದು ಮೂವತ್ತು ಹೆಜ್ಜೆ. ಇಸ್ತ್ರಿ ಗಾಡಿ ಹಳದಿ, ಅದು ಹನ್ನೆರಡು. ಆ ಕರಿ ನಾಯಿ ಮಲಗೋದು ಹಳದಿಗೂ ಕೆಂಪಿಗೂ ಮಧ್ಯ. ನಿಮ್ಮ ಟಿವೀಲಿ ನಿಮಗಿಂತ ನಂಗೇ ಜಾಸ್ತಿ ಗೊತ್ತು."

ಯಾಕಪ್ಪ ಅವರನ್ನೇ ದಿಟ್ಟಿಸಿ ನೋಡಿದ. ಮದುವೆಯಾದ ದಿನದಿಂದ ಇಷ್ಟು ಹೊತ್ತು ಅವನು ಅತ್ತೆಯ ಮುಖ ನೋಡಿದ್ದೇ ಇಲ್ಲ. "ಅತ್ತೆ," ಅಂದ ಮೆಲ್ಲಗೆ, "ನಿಮಗೆ ಕೈಯಲ್ಲಿ ತಟ್ಟೋಕೆ ಬರುತ್ತಾ?"

ಸೋಮವಾರ ಹತ್ತು ಗಂಟೆ. ಹಳೇ ಗೋದಾಮಿನ ಓಣಿ ಅಂದರೆ ಚಾಲಕರು ಹೆದರಿ ಸಾಯುವ ಜಾಗ. ಇನ್ನೂರು ಅಡಿ ಉದ್ದ, ಎರಡೂ ಕಡೆ ಎತ್ತರದ ಗೋಡೆ, ಲಾರಿಗೂ ಗೋಡೆಗೂ ಒಂದೊಂದು ಗೇಣು. ಮಧ್ಯದಲ್ಲಿ ಒಂದು ಸೊಟ್ಟ ತಿರುವು ಬೇರೆ. ಓಣಿಯ ಬಾಯಲ್ಲಿ ಐದು ಜನ ಚಾಲಕರು ಕೈಕಟ್ಟಿ ನಿಂತಿದ್ದರು. ದೊಡ್ಡ ಆಫೀಸಿನ ಸಾಹೇಬರು ಕಾರಿನಿಂದ ಇಳಿದರು. ಬೋರ್ಡು ಗುಮಾಸ್ತರು ಓಣಿಯ ಕೊನೆಗೆ ಹೋಗಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದರು, ಲಾರಿ ಅಲ್ಲಿ ನಿಲ್ಲಬೇಕು. ಬಹಳ ದಿನದ ಮೇಲೆ ಸೀಮೆಸುಣ್ಣಕ್ಕೆ ಕೆಲಸ ಸಿಕ್ಕಿದ್ದಕ್ಕೆ ಅವರ ಮುಖ ಅರಳಿತ್ತು.

ಬೀದಿಯವರೂ ಬಿಡುತ್ತಾರೆಯೇ? ಪೋಸ್ಟ್ ಮಾಸ್ತರರ ನೇತೃತ್ವದಲ್ಲಿ ಎಲ್ಲರೂ ಬಂದು, ಯಾಕಪ್ಪನಿಗೆ ಧೈರ್ಯ ತುಂಬಬೇಕು ಅಂತ, ಓಣಿಯ ಕೊನೆಯಲ್ಲಿ, ಸರಿಯಾಗಿ ಕ್ಯಾಮೆರಾಕ್ಕೆ ಕಾಣುವ ಹಾಗೆ ನಿಂತರು.

ಅತ್ತೆಯನ್ನು ಪರದೆಯ ಪಕ್ಕ ಕೂರಿಸಿಕೊಂಡು ಯಾಕಪ್ಪ ರಿವರ್ಸಿಗೆ ಎಳೆದ. ಪರದೆಯ ಮೇಲೆ ಇಡೀ ಬೀದಿ ಸಾಲಾಗಿ ನಿಂತು ಕೈ ಬೀಸುತ್ತಿತ್ತು.

"ಇಸ್ತ್ರಿಯವನು ಏನೋ ಹೇಳ್ತಿದ್ದಾನೆ," ಅಂದ ಯಾಕಪ್ಪ. "ಕೈಯಲ್ಲಿ ಏನದು? ಹೊಸ ಹಲಗೆನಾ? ಯಾಕಪ್ಪಾ ಅದನ್ನ ಇಲ್ಲಿಗೆ..."

"ಕಣ್ಣು ಮುಚ್ಕೊಳ್ಳಿ!" ಅಂತ ಅತ್ತೆ ಗದರಿದರು.

"ಅತ್ತೆ?"

"ಮುಚ್ಕೊಳ್ಳಿ ಅಂದೆ. ನೀವು ನೋಡ್ತಾ ಕೂತ್ರೆ ಕೆಟ್ವಿ."

ಯಾಕಪ್ಪ ಕಣ್ಣು ಮುಚ್ಚಿದ. ಅತ್ತೆ ಪರದೆಯಲ್ಲಿ ಕಣ್ಣು ನೆಟ್ಟು, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಒಂದು ಏಟು ಹೊಡೆದರು. ಎಡಕ್ಕೆ. ಎರಡು ಏಟು. ಬಲಕ್ಕೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಅವನ ಕೈಗೆ ತಾನಾಗಿ ಬಂತು. ಕಿವಿ ಕೇಳಿತು, ಕೈ ತಿರುಗಿತು, ಲಾರಿ ಎಣ್ಣೆ ಹಚ್ಚಿದ ಹಾಗೆ ಓಣಿಯೊಳಗೆ ಸರಿಯಿತು.

ಹೊರಗೆ ನಿಂತಿದ್ದ ಚಾಲಕರಲ್ಲಿ ಒಬ್ಬ ಮುಂದಿನ ಗಾಜಿನೊಳಗೆ ನೋಡಿ ಕಿರುಚಿದ. "ಏಯ್, ಕಣ್ಣು ಮುಚ್ಕೊಂಡಿದ್ದಾನೆ ಕಣ್ರೋ!"

"ಕಣ್ಣು ಮುಚ್ಕೊಂಡು ರಿವರ್ಸಾ?"

"ಅರವತ್ತೊಂದು ಗಂಟೆ ಅಂದ್ರೆ ಸುಮ್ನೇನಾ?" ಅಂದರು ಮ್ಯಾನೇಜರು. ಆದರೆ ಅವರೂ ಕಾಲ್ಬೆರಳ ಮೇಲೆ ನಿಂತು ಇಣುಕುತ್ತಿದ್ದರು. ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ತಿರುವು ಬಂತು. ಅತ್ತೆ ಉಸಿರು ಬಿಗಿ ಹಿಡಿದು ಎರಡು ಏಟು, ಮತ್ತೆ ಎರಡು, ಆಮೇಲೆ ಒಂದು. ಗೋಡೆ ಕನ್ನಡಿಗೆ ಮುತ್ತು ಕೊಡುವಷ್ಟು ಹತ್ತಿರ ಬಂದು ಹಿಂದೆ ಸರಿಯಿತು. ಕೊನೆಗೆ ಇಸ್ತ್ರಿಯವನ ಹೊಸ ಹಲಗೆ ಕೆಂಪು ಗೆರೆಗೆ ಬಂದದ್ದೇ ತಡ, ಮೂರು ಏಟು. ಲಾರಿ ನಿಂತಿತು. ಗುಮಾಸ್ತರು ಬಗ್ಗಿ ನೋಡಿದರು. ಚಕ್ರ ಸೀಮೆಸುಣ್ಣದ ಗೆರೆಯ ಮೇಲೆಯೇ ಇತ್ತು.

ಜನ ಹೋ ಅಂದರು. ಯಾಕಪ್ಪ ಕಣ್ಣು ಬಿಟ್ಟು, "ಬಂದ್ವಾ?" ಅಂತ ಕೇಳಿದ.

ಲಾರಿ ಮುಂದಕ್ಕೆ ಹೊರಬಂದಮೇಲೆ ಸಾಹೇಬರು ಅವನ ಕೈ ಕುಲುಕಿದರು. ಅತ್ತೆಗೂ ನಮಸ್ಕಾರ ಮಾಡಿ, "ಅಮ್ಮಾ, ನಿಮ್ಮ ಅಳಿಯನ ಅಭ್ಯಾಸಕ್ಕೆ ನೀವೇ ಸಾಕ್ಷಿಯಂತೆ," ಅಂದರು.

ಅತ್ತೆಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. "ಯಾವ ಅಭ್ಯಾಸ ಸ್ವಾಮಿ? ಅವರಿಗೆ ಹಿಂದಕ್ಕೆ ಬಿಡೋಕೇ ಬರಲ್ಲ. ಒಂದು ತಿಂಗಳು ಲಾರಿ ಒಂದಿಂಚು ಕದಲಿಲ್ಲ. ನಾವು ಕೂತು ಟಿವಿ ನೋಡ್ತಿದ್ವಿ."

ಯಾಕಪ್ಪನ ಜೀವ ಬಾಯಿಗೆ ಬಂತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ನಕ್ಕ ಮೇಲೆ ಮ್ಯಾನೇಜರು ನಗದೆ ಇರುತ್ತಾರೆಯೇ? "ಎಂಥಾ ಅತ್ತೆ ಸಾರ್! ಅಳಿಯನ್ನ ಹೊಗಳೋಕೆ ಬಾಯೇ ಬರಲ್ಲ!" ಅಂದರು ಕಣ್ಣೊರೆಸಿಕೊಂಡು.

"ಇಲ್ಲ ಸ್ವಾಮಿ, ನಿಜವಾಗ್ಲೂ..."

"ಸಾಕು ಅತ್ತೆ, ಬಿಸಿಲು," ಅಂತ ಯಾಕಪ್ಪ ಅವರನ್ನು ಲಾರಿಯ ನೆರಳಿಗೆ ಕರೆದುಕೊಂಡು ಹೋದ.

ನಗದೆ ಇದ್ದವರು ಬೋರ್ಡು ಗುಮಾಸ್ತರೊಬ್ಬರೇ. ಅವರು ಸೊನ್ನೆ ಕಿಲೋಮೀಟರನ್ನೂ ಸೊನ್ನೆ ಡೀಸೆಲ್ಲನ್ನೂ ಮರೆತಿರಲಿಲ್ಲ, ಆ ಏಟುಗಳ ಸದ್ದೂ ಅವರಿಗೆ ಕೇಳಿಸಿತ್ತು. ಮಧ್ಯಾಹ್ನ ಅವರು ಆಫೀಸಿನ ಮೂಲೆಯಿಂದ ತಮ್ಮ ಹಳೇ ಕಪ್ಪು ಹಲಗೆಯನ್ನು ಎಳೆದು, ಧೂಳು ಒರೆಸಿ, ಗುಂಡಗಿನ ಅಕ್ಷರದಲ್ಲಿ ಬರೆದರು: 'ಲಾರಿ ನಂಬರ್ ಮೂರು. ಡೇ ಡ್ಯೂಟಿ. ಚಾಲಕ: ಯಾಕಪ್ಪ. ಲಾರಿಯ ಜೊತೆ ಇರಬೇಕಾದ ಸಾಮಾನು: ಜಾಕು ಒಂದು, ಸ್ಟೆಪ್ನಿ ಒಂದು, ಅತ್ತೆ ಒಂದು.' ಕಂಪ್ಯೂಟರಿನಲ್ಲಿ ಹೀಗೆ ಬರೆಯಲು ಜಾಗವೇ ಇಲ್ಲ ಅಂತ ಅವರಿಗೆ ಬಹಳ ಸಮಾಧಾನವಾಯಿತು.

ಅಂಗಳದ ಕಾಂಕ್ರೀಟು ಮುಗಿದಿದ್ದರಿಂದ ಲಾರಿಯನ್ನು ಅಲ್ಲೇ ಬಿಟ್ಟು, ಸಂಜೆ ಅತ್ತೆ ಅಳಿಯ ಇಬ್ಬರೂ ನಡೆದು ಮನೆಗೆ ಬಂದರು. ಭಾವಮೈದ ಕಾಯುತ್ತಿದ್ದ. ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಭಾವನಿಗೆ ಮರ್ಯಾದೆ ಕೊಡಬೇಕು ಅಂತ ಟಿವಿಯನ್ನು ತಾನೇ ಹೊತ್ತು ತಂದು ಧೂಳಿನ ಗುರುತಿನ ಮೇಲೆ ಸರಿಯಾಗಿ ಕೂರಿಸಿದ್ದ.

ಯಾಕಪ್ಪ ಕಾಲು ತೊಳೆದ. ಹೆಂಡತಿಯ ಪಕ್ಕ ಕೂತ. ಸರಿಯಾಗಿ ಏಳು ಗಂಟೆಗೆ ಟಿವಿ ಹಾಕಿದ.

ಪರದೆಯ ಮೇಲೆ ಯಾರೋ ಗೊತ್ತಿಲ್ಲದ ಹೆಂಗಸು, ಗೊತ್ತಿಲ್ಲದ ಮನೆ. ಪೆಟ್ಟಿಗೆ ಇಲ್ಲ, ಹಿರಿಸೊಸೆ ಇಲ್ಲ. ಇಂದಿನಿಂದ ಹೊಚ್ಚಹೊಸ ಧಾರಾವಾಹಿ ಅಂತ ಅಕ್ಷರ ಓಡಿದವು.

"ಇದೇನಿದು? ಅದು ಎಲ್ಲಿ?"

"ಅದು ಶುಕ್ರವಾರ ಮುಗೀತಂತೆ ಭಾವ," ಅಂದ ಭಾವಮೈದ.

"ಮುಗೀತಾ! ಪೆಟ್ಟಿಗೇಲಿ ಏನಿತ್ತೋ?"

"ನಾನೆಲ್ಲಿ ನೋಡ್ತೀನಿ ಭಾವ, ಏಳು ಗಂಟೆಗೆ ಅಂಗಡೀಲಿರ್ತೀನಿ."

ಯಾಕಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಛಾವಣಿಯ ಕಡೆ ನೋಡಿದರು. ಅವನು ಹೊರಗೆ ಓಡಿ ಪೋಸ್ಟ್ ಮಾಸ್ತರರನ್ನು ಕೇಳಿದ, ಇಸ್ತ್ರಿಯವನನ್ನು ಕೇಳಿದ, ಮನೆಮನೆಯ ಬಾಗಿಲು ತಟ್ಟಿ ಕೇಳಿದ. ಎಲ್ಲರ ಮನೆಯಲ್ಲೂ ಒಳ್ಳೊಳ್ಳೆ ಟಿವಿ ಇದ್ದವು. ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ತಿಂಗಳು ಏಳು ಗಂಟೆಗೆ ಇಡೀ ಬೀದಿ ಅವನ ಲಾರಿಯಲ್ಲಿತ್ತು.

ಬೇಜಾರಾಗಿ ಅವನು ಜಗಲಿಯ ಮೇಲೆ ಕೂತ. ಹೆಂಡತಿ ಟಿವಿ ಆರಿಸಿ, ಎರಡು ಲೋಟ ಕಾಫಿ ತಂದು, ಒಂದನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು. ಎದುರಿಗೆ ಪೋಸ್ಟ್ ಮಾಸ್ತರರು ಒಂದು ಮಡಿಸಿದ ಅಂಗಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಇಸ್ತ್ರಿ ಗಾಡಿಯ ಕಡೆಗೆ ಹೊರಟಿದ್ದರು.

"ಅದೇ ಸುಟ್ಟ ಅಂಗಿನಾ?" ಅಂದ ಯಾಕಪ್ಪ, ಕಾಫಿ ಕುಡಿಯುವುದನ್ನು ಮರೆತು. "ಮತ್ತೆ ಯಾಕಪ್ಪಾ ತಗೊಂಡು ಹೋಗ್ತಿದ್ದಾರೆ?"

"ಇರಿ, ನೋಡೋಣ," ಅಂದಳು ಹೆಂಡತಿ. "ಇವತ್ತಲ್ಲದಿದ್ರೆ ನಾಳೆ ಗೊತ್ತಾಗುತ್ತೆ. ನಾಳೆನೂ ಬರ್ತೀರಲ್ಲ."

ಅತ್ತೆಯೂ ಬಂದು ಕಂಬಕ್ಕೆ ಒರಗಿ ಕೂತು, ಕಣ್ಣು ಕಿರಿದು ಮಾಡಿ ಬೀದಿಯನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿ ಮುಖ ಸೊಟ್ಟಗೆ ಮಾಡಿದರು.

"ಎಲ್ಲಾ ಸರಿ ಅಳಿಯಂದ್ರೆ," ಅಂದರು, "ಆದ್ರೆ ಗೆರೆ ಇಲ್ವಲ್ಲ. ಗೆರೆ ಇಲ್ದೆ ಯಾರು ಎಷ್ಟು ಹತ್ತಿರ ಬಂದ್ರು ಅಂತ ಹೇಗೆ ಗೊತ್ತಾಗ್ಬೇಕು?"